ವಿಷಯ: ನಿಮ್ಮ ವಿಟಮಿನ್ ಇನ್‌ಹೇಲರ್ ಮತ್ತು ನನ್ನ ಐದನೇ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಾಲ್ಕು ಸಲ ಫೋನ್ ಮಾಡಿ ಮರ್ಯಾದೆಯಿಂದಲೇ ಕೇಳಿದೆ. ಇನ್ನು ಫೋನ್ ಮಾಡುವುದಿಲ್ಲ.

ನನಗೆ ಬಿ12 ಕೊರತೆ ಇದೆ. ದಿನಕ್ಕೆ ಹತ್ತು ಸಲ ಎಳೆದರೆ ಸಾಕು, ಇಂಜೆಕ್ಷನ್ ಬೇಡ ಎಂದು ನಿಮ್ಮ ಡಬ್ಬಿಯ ಮೇಲೆ ಬರೆದಿದೆ. ಸೂಜಿ ಅಂದ್ರೆ ನನಗೆ ಭಯ, ನಂಬಿಬಿಟ್ಟೆ. ಮೂರು ತಿಂಗಳು ಎಳೆದೆ. ಬಿ12 ಮಟ್ಟ 168 ಇದ್ದದ್ದು 151ಕ್ಕೆ ಇಳಿಯಿತು. ಒಂದು ದಿನ ಮೆಟ್ಟಿಲು ಹತ್ತುವಾಗ ಕಾಲಿಂದ ಚಪ್ಪಲಿ ಜಾರಿತ್ತು, ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹುಡುಗಿ ಎತ್ತಿ ಕೊಟ್ಟಳು. ತಡಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೇ ಇರಬಹುದು ಎಂದರು ಡಾಕ್ಟರ್. ಆ ಮೂರು ತಿಂಗಳನ್ನು ನೀವು ವಾಪಸ್ ಕೊಡ್ತೀರಾ?

ಕಳೆದ ಸೋಮವಾರ ನಿಮ್ಮ ಸಿಬ್ಬಂದಿ ಏನು ಮಾಡಿದರು ಗೊತ್ತಾ? "ನೀವು ಸರಿಯಾಗಿ ಎಳೀತಿಲ್ಲ ಮೇಡಂ, ಈಗ ಎಳೆದು ತೋರಿಸಿ" ಎಂದರು. ನಾನು ಆಫೀಸಿನಲ್ಲಿದ್ದೆ. ಎಳೆದೆ. "ಕೇಳಿಸ್ತಿಲ್ಲ, ಇನ್ನೂ ಜೋರಾಗಿ." ಮತ್ತೆ ಎಳೆದೆ. "ಒಂದು, ಎರಡು, ಮೂರು, ಬಿಡಿ" ಎಂದು ಎಣಿಸಿದರು. ಪಕ್ಕದ ಟೇಬಲಿನವರು ಟೈಪ್ ಮಾಡುವುದನ್ನು ನಿಲ್ಲಿಸಿ ನೋಡಿದರು. ಮೂರನೇ ಸಲ ಕೆಮ್ಮು ಬಂತು. ಆ ಕಡೆ ಯಾರೋ ನಕ್ಕಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ "ಡಬ್ಬಿ ಓಪನ್ ಆಗಿದೆ, ದುಡ್ಡು ವಾಪಸ್ ಬರಲ್ಲ" ಎಂದರು. ಗುಣ ಕಾಣದಿದ್ದರೆ ಬಳಸಿದ ಡಬ್ಬಿಗೂ ಪೂರ್ತಿ ಹಣ ವಾಪಸ್ ಎನ್ನುವುದು ನಿಮ್ಮದೇ ನಿಯಮ. ಅದನ್ನು ನಿಮಗೆ ನಾನು ಓದಿ ಹೇಳಬೇಕಾ?

ಇನ್ನೊಂದು ವಿಷಯ. ನಿಮ್ಮ ಕಾರ್ಟ್ರಿಡ್ಜಿನಲ್ಲಿ ವಿಟಮಿನ್ ಇ ಅಸಿಟೇಟ್ ಕೂಡ ಇದೆ. ತಿಂದರೆ ತೊಂದರೆ ಇಲ್ಲದ್ದು ಬಿಸಿ ಮಾಡಿ ಶ್ವಾಸಕೋಶಕ್ಕೆ ಎಳೆದರೆ ಹಾಗಿರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ, ಮುಖ್ಯವಾಗಿ ಗಾಂಜಾ ಅಂಶದ ವೇಪ್ (ನಿಮ್ಮದರ ಹಾಗೆ ದ್ರವ ಬಿಸಿ ಮಾಡಿ ಆವಿ ಎಳೆಯುವ ಸಾಧನ) ಸೇದಿದವರ ಶ್ವಾಸಕೋಶ ಕೆಟ್ಟಾಗ, ಪರೀಕ್ಷಿಸಿದ 51 ರೋಗಿಗಳಲ್ಲಿ 48 ಮಂದಿಯ ಶ್ವಾಸಕೋಶದ ದ್ರವದಲ್ಲಿ ಸಿಕ್ಕಿದ್ದು ಇದೇ. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ವಿಟಮಿನ್ ವೇಪ್‌ಗಳನ್ನು ನಂಬಬೇಡಿ ಎಂದು ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಡಿಸೆಂಬರಿನಲ್ಲೇ ಜನರನ್ನು ಎಚ್ಚರಿಸಿದೆ. ಇಷ್ಟಾದ ಮೇಲೂ ನೀವು ಇದನ್ನು ಆರೋಗ್ಯ ಅಂತ ಮಾರುತ್ತಿದ್ದೀರಿ.

ನನಗೀಗ ಇಂಜೆಕ್ಷನ್ ನಡೆಯುತ್ತಿದೆ. ನಿಮ್ಮ ದುಡ್ಡೂ ಬೇಡ, ಕ್ಷಮೆಯೂ ಬೇಡ. ಆ ಫೋನ್ ಮಾತು ಪೂರ್ತಿ ರೆಕಾರ್ಡ್ ಆಗಿದೆ, ನಗುವೂ ಸೇರಿ. ಎರಡೂ ರಿಪೋರ್ಟ್, ಉಳಿದ ಕಾರ್ಟ್ರಿಡ್ಜ್ ಎಲ್ಲವನ್ನೂ ಜೋಡಿಸಿಟ್ಟಿದ್ದೇನೆ. ಶುಕ್ರವಾರ ಔಷಧ ನಿಯಂತ್ರಣ ಇಲಾಖೆಗೆ ಹೋಗುತ್ತಿದ್ದೇನೆ, ಅಲ್ಲಿಂದ ಗ್ರಾಹಕರ ನ್ಯಾಯಾಲಯಕ್ಕೆ. ಅಲ್ಲಿ ಎಣಿಸಿ, ಒಂದು, ಎರಡು, ಮೂರು.

ಇಂತಿ,
ನಿಮ್ಮ ಹಳೆಯ ಗ್ರಾಹಕಿ