ಮಣ್ಣು ಹತ್ತಿದ ಗ್ಲೌಸ್

ಟಿಳಕವಾಡಿ, ಬೆಳಗಾವಿ
ಬುಧವಾರ ರಾತ್ರಿ

ಪ್ರೀತಿಯ ಮಗಳೇ,

ನಾನು ಊರಿಗೆ ಬಂದು ನಾಲ್ಕು ದಿನ ಆಯ್ತು. ಹಾಸ್ಟೆಲ್‌ನವರು ಭಾನುವಾರ ಕೊಡುವ ಹತ್ತು ನಿಮಿಷದ ಫೋನು ನಿನ್ನ ಅಮ್ಮನಿಗೇ ಸಾಲುವುದಿಲ್ಲ. ಊಟ ಹೇಗಿದೆ, ಕೆಮ್ಮು ಹೋಯ್ತಾ, ಟೆಸ್ಟ್ ಹೇಗಾಯ್ತು, ಅಷ್ಟರಲ್ಲಿ ಮುಗಿದಿರುತ್ತದೆ. ನನಗೆ ಹೇಳಬೇಕಾಗಿರುವುದು ಸ್ವಲ್ಪ ಜಾಸ್ತಿ ಇದೆ. ಧಾರವಾಡ ಏನು ದೂರ ಅಲ್ಲ, ಆದರೆ ಎದುರಿಗೆ ಕೂತರೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವ ಹಾಗೆ ಮ್ಯಾಂಚೆಸ್ಟರ್‌ಗೆ ಹೋಗಿದ್ದು ಕಾರ್ಖಾನೆ ಕೆಲಸಕ್ಕೆ. ಉದ್ಯಮಬಾಗ್‌ಗೆ ಬರುವ ಹೊಸ ಮಷಿನ್ ನಡೆಸುವುದು ಕಲಿಯಲು. ನಡುವೆ ಒಂದು ಭಾನುವಾರ ರಜೆ ಸಿಕ್ಕಿತು. ಜೊತೆಗಿದ್ದವರು ಅಂಗಡಿ ಸುತ್ತಲು ಹೋದರು. ನಾನು ಟ್ರಾಮ್ ಹತ್ತಿ ಓಲ್ಡ್ ಟ್ರ್ಯಾಫರ್ಡ್‌ಗೆ ಹೋದೆ. ಎಂಟನೇ ಕ್ಲಾಸಿನಿಂದ ನಿನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದೀಯಲ್ಲ, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್‌ನ ಆ ಕೆಂಪು ಸೀಟುಗಳ ಸ್ಟೇಡಿಯಂ, ಅದೇ.

ಅಜ್ಜ ಮಾತ್ರ ‘ಅದು ಕ್ರಿಕೆಟ್ ಮೈದಾನ ಅಲ್ವಾ?’ ಎಂದು ಕೇಳಿದರು. ಅವರು ಹೇಳಿದ್ದೂ ಸರಿ. ಅದೇ ಹೆಸರಿನ ಕ್ರಿಕೆಟ್ ಮೈದಾನವೂ ಅಲ್ಲೇ ಹತ್ತಿರ ಇದೆ. 1956ರಲ್ಲಿ ಜಿಮ್ ಲೇಕರ್ ಒಂದೇ ಟೆಸ್ಟ್‌ನಲ್ಲಿ 19 ವಿಕೆಟ್ ತೆಗೆದದ್ದು ಅಲ್ಲಿಯೇ. ಒಂದು ಇನ್ನಿಂಗ್ಸ್‌ನಲ್ಲಂತೂ ಹತ್ತಕ್ಕೆ ಹತ್ತೂ ಅವನದೇ. ಟೆಸ್ಟ್‌ನಲ್ಲಿ ಇನ್ನೊಬ್ಬ ಹಾಗೆ ಹತ್ತೂ ತೆಗೆಯಬೇಕಾದರೆ 1999ರಲ್ಲಿ ನಮ್ಮ ಕುಂಬ್ಳೆ ಬರಬೇಕಾಯ್ತು. ಅಜ್ಜ ಈಗ ಓಣಿಯಲ್ಲಿ ಎಲ್ಲರಿಗೂ ಇದನ್ನೇ ಹೇಳುತ್ತಿದ್ದಾರೆ.

ಅವತ್ತು ಜಿಟಿಜಿಟಿ ಮಳೆ. ಥೇಟ್ ಜುಲೈ ತಿಂಗಳ ಬೆಳಗಾವಿ. ಛತ್ರಿ ಹಿಡಿದು ಹೋಗುವಾಗ ಲೇಲೆ ಮೈದಾನಕ್ಕೆ ನಿನ್ನ ಮ್ಯಾಚ್ ನೋಡಲು ಹೋಗುತ್ತಿದ್ದೇನೆ ಅನ್ನಿಸಿಬಿಟ್ಟಿತು.

ಮ್ಯೂಸಿಯಂನಲ್ಲಿ ಕಪ್ಪುಗಳು ಸಾಲುಸಾಲಾಗಿವೆ. ಅದರ ಫೋಟೋ ನೀನು ಸಾಕಷ್ಟು ನೋಡಿದ್ದೀಯ, ಬಿಡು. ನಾನು ಜಾಸ್ತಿ ಹೊತ್ತು ನಿಂತದ್ದು ಹಳೆಯ ಕಾಲದ ಸಾಮಾನಿನ ಹತ್ತಿರ. ಈ ಕ್ಲಬ್ ಹುಟ್ಟಿದ್ದು 1878ರಲ್ಲಿ. ಹುಟ್ಟು ಹಾಕಿದವರು ಯಾರು ಗೊತ್ತಾ? ರೈಲ್ವೆ ಕಾರ್ಮಿಕರು. ನ್ಯೂಟನ್ ಹೀತ್ ಎಂಬ ಕಡೆ ರೈಲು ಬೋಗಿ ಕಟ್ಟುವ, ರಿಪೇರಿ ಮಾಡುವ ವರ್ಕ್‌ಶಾಪ್ ಇತ್ತು. ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಇದೆಯಲ್ಲ, ಹಾಗೆ. ಅಲ್ಲಿನವರು ಆಡಲು ಕಟ್ಟಿಕೊಂಡ ತಂಡ ಇದು. ಅಂಗಿ ಆಗ ಕೆಂಪು ಅಲ್ಲ, ಹಸಿರು ಮತ್ತು ಬಂಗಾರದ ಬಣ್ಣ. 1902ರಲ್ಲಿ ಸಾಲ ಹೆಚ್ಚಾಗಿ ಮುಚ್ಚಿಹೋಗುವ ಸ್ಥಿತಿ ಬಂತು. ಆಗ ಒಬ್ಬ ಶ್ರೀಮಂತ ಉದ್ಯಮಿ ದುಡ್ಡು ಹಾಕಿ ಉಳಿಸಿದ. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರು ಬಂದದ್ದು ಆಗಲೇ. ಈ ಸ್ಟೇಡಿಯಂ ತೆರೆದದ್ದು 1910ರಲ್ಲಿ. ಇಪ್ಪತ್ತೈದು ವರ್ಷದಿಂದ ಮಷಿನ್ ಮುಂದೆ ನಿಂತವನು ನಾನು. ಕೈಗೆ ಗ್ರೀಸ್ ಹತ್ತಿಸಿಕೊಂಡವರು ಕಟ್ಟಿದ ತಂಡ ಇಷ್ಟು ದೊಡ್ಡದಾಗಿದೆ ಅಂದರೆ ನನಗೆ ಎಷ್ಟು ಸಂತೋಷ ಆಗಿರಬೇಕು ಯೋಚಿಸು.

ಪಕ್ಕದಲ್ಲೇ ಟ್ರ್ಯಾಫರ್ಡ್ ಪಾರ್ಕ್ ಎಂಬ ದೊಡ್ಡ ಕೈಗಾರಿಕಾ ಪ್ರದೇಶ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳ ಗುರಿ ಆ ಕಾರ್ಖಾನೆಗಳ ಕಡೆಗಿತ್ತು. 1941ರ ಮಾರ್ಚ್‌ನಲ್ಲಿ ಬಾಂಬು ಸ್ಟೇಡಿಯಂ ಮೇಲೂ ಬಿತ್ತು. ಮುಖ್ಯ ಸ್ಟ್ಯಾಂಡ್ ನೆಲಸಮ. ಮತ್ತೆ ಅಲ್ಲಿ ಆಡಲು ಆಗಿದ್ದು 1949ರಲ್ಲಿ. ಅಲ್ಲಿಯವರೆಗೆ ಅವರಿಗೆ ಮೈದಾನ ಬಾಡಿಗೆಗೆ ಕೊಟ್ಟವರು ಅದೇ ಊರಿನ ಇನ್ನೊಂದು ಕ್ಲಬ್, ಮ್ಯಾಂಚೆಸ್ಟರ್ ಸಿಟಿಯವರು. ಹೌದು, ನೀನು ಹೆಸರು ಕೇಳಿದರೇ ಸಿಡುಕುವ ಅದೇ ಸಿಟಿ!

ಆಮೇಲೆ ನಮ್ಮನ್ನು ಇಪ್ಪತ್ತು ಜನರ ಗುಂಪು ಮಾಡಿ ಒಳಗೆ ಕರೆದುಕೊಂಡು ಹೋದರು. ಗೈಡ್ ಒಬ್ಬ ಹಿರಿಯ ಹೆಂಗಸು, ಅರವತ್ತೈದು ದಾಟಿರಬೇಕು. ಬಿಳಿ ಕೂದಲು, ಕೆಂಪು ಮಫ್ಲರ್. ಮೆಟ್ಟಿಲು ಹತ್ತಿ ಮೈದಾನ ಕಂಡ ಕೂಡಲೇ ಎಲ್ಲರೂ ಸುಮ್ಮನಾದರು. 74 ಸಾವಿರ ಜನ ಕೂರುವ ಜಾಗ, ಪೂರಾ ಖಾಲಿ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಹುಲ್ಲು ನೋಡಬೇಕಿತ್ತು ನೀನು. ದೊಡ್ಡ ದೊಡ್ಡ ಗಾಡಿಗಳ ಮೇಲೆ ಹಳದಿ ದೀಪ ಕಟ್ಟಿ ಹುಲ್ಲಿನ ಮೇಲೆ ಬೆಳಕು ಬಿಟ್ಟಿದ್ದರು. ಬಿಸಿಲು ಕಮ್ಮಿ ಅಲ್ವಾ, ಅದಕ್ಕೆ ಹುಲ್ಲಿಗೆ ದೀಪದ ಬಿಸಿಲು. ಟಿವಿಯಲ್ಲಿ ಗೊತ್ತಾಗದ ಇನ್ನೊಂದು ವಿಷಯ, ಮೈದಾನ ಸುತ್ತಲಿನ ದಾರಿಗಿಂತ ಒಂದು ಗೇಣಿನಷ್ಟು ಎತ್ತರದಲ್ಲಿದೆ. ಅಂಚಿಗೆ ಬಂದರೆ ಇಳಿಜಾರು. ಜೋರಾಗಿ ಓಡಿ ಬಂದವರು ಜಾರುವುದು ಅದಕ್ಕೇ.

ನಾನು ಗೋಲ್ ಪೋಸ್ಟ್ ನೋಡುತ್ತಾ ನಿಂತೆ. ನಮ್ಮ ಮೈದಾನದ ತುಕ್ಕು ಹಿಡಿದ ಪೈಪಿನ ಪೋಸ್ಟ್ ಎಷ್ಟು ಅಗಲ, ಎಷ್ಟು ಎತ್ತರವೋ ಇದೂ ಅಷ್ಟೇ. ಅಗಲ 7.32 ಮೀಟರ್, ಎತ್ತರ 2.44. ಅದರ ನಡುವೆ ನಿಲ್ಲುವವರು ಒಬ್ಬರೇ. ನಿನ್ನ ನೆನಪು ಆಯ್ತು.

ದಕ್ಷಿಣದ ಸ್ಟ್ಯಾಂಡ್ ಕೆಳಗೆ ಒಂದು ಹಳೆಯ ಸುರಂಗ ಇದೆ. 1910ರ ಕಟ್ಟಡದಲ್ಲಿ ಉಳಿದಿರುವುದು ಅದೊಂದೇ. ಈಗ ಅದಕ್ಕೆ ಮ್ಯೂನಿಕ್ ಸುರಂಗ ಎಂದು ಹೆಸರು. 1958ರ ಫೆಬ್ರುವರಿ 6ರಂದು ಈ ತಂಡ ಬೆಲ್‌ಗ್ರೇಡ್‌ನಲ್ಲಿ ಆಡಿ ವಾಪಸ್ ಬರುತ್ತಿತ್ತು. ಇಂಧನಕ್ಕೆಂದು ವಿಮಾನ ಮ್ಯೂನಿಕ್‌ನಲ್ಲಿ ಇಳಿಯಿತು. ಮೇಲೇರಲು ಎರಡು ಸಲ ನೋಡಿದರು, ಆಗಲಿಲ್ಲ. ಮೂರನೇ ಸಲ ರನ್‌ವೇ ಮೇಲಿನ ಕರಗಿದ ಹಿಮದ ಕೆಸರಿಗೆ ಸಿಕ್ಕಿ ವೇಗ ಕುಸಿಯಿತು. ವಿಮಾನ ಬೇಲಿ ದಾಟಿ ಒಂದು ಮನೆಗೆ ಬಡಿಯಿತು. 23 ಜನ ಹೋದರು. ಅವರಲ್ಲಿ 8 ಜನ ಆಟಗಾರರು. ಡಂಕನ್ ಎಡ್ವರ್ಡ್ಸ್ ಎಂಬ ಹುಡುಗ ಹದಿನೈದು ದಿನ ಆಸ್ಪತ್ರೆಯಲ್ಲಿ ಹೋರಾಡಿ ತೀರಿಕೊಂಡ. ವಯಸ್ಸು 21. ನಿನಗಿಂತ ನಾಲ್ಕೇ ವರ್ಷ ದೊಡ್ಡವನು, ಮಗಳೇ.

ಈಗ ನಿನಗೆ ಹೇಳಲೇಬೇಕಾದ ಮಾತು. ಆ ವಿಮಾನದಲ್ಲಿ ಹ್ಯಾರಿ ಗ್ರೆಗ್ ಇದ್ದ. ಗೋಲ್‌ಕೀಪರ್. ಉತ್ತರ ಐರ್ಲೆಂಡಿನವನು. ತಂಡಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ತಲೆಯಿಂದ ರಕ್ತ ಸುರಿಯುತ್ತಿದ್ದರೂ ಒಡೆದ ಕಡೆಯಿಂದ ತೆವಳಿ ಹೊರಗೆ ಬಂದ. ವಿಮಾನ ಸಿಡಿಯಬಹುದು, ಓಡು ಎಂದು ಪೈಲಟ್ ಕೂಗಿದ. ಅಷ್ಟರಲ್ಲಿ ಒಳಗಿಂದ ಮಗು ಅಳುವುದು ಕೇಳಿಸಿತು. ಅವನು ತಿರುಗಿ ಒಳಗೆ ಹೋದ. ಮಗುವನ್ನು ತಂದ. ಮತ್ತೆ ಹೋಗಿ ಅದರ ತಾಯಿಯನ್ನು ತಂದ, ಆಕೆ ಬಸುರಿ. ಆಟಗಾರರನ್ನೂ ಎಳೆದು ತಂದ. ಅವರಲ್ಲಿ ಒಬ್ಬ ಬಾಬಿ ಚಾರ್ಲ್‌ಟನ್, ಆಗ ಇಪ್ಪತ್ತು ವರ್ಷ.

ಹದಿಮೂರು ದಿನ ಬಿಟ್ಟು ಇದೇ ಮೈದಾನದಲ್ಲಿ ಮ್ಯಾಚ್. ಯಾರು ಆಡುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಅವತ್ತು ಮಾರಿದ ಪುಸ್ತಿಕೆಯಲ್ಲಿ ಯುನೈಟೆಡ್‌ನ ಹನ್ನೊಂದು ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಗೋಲಿನಲ್ಲಿ ನಿಂತದ್ದು ಹ್ಯಾರಿ ಗ್ರೆಗ್. 3-0 ಗೆದ್ದರು. ಹತ್ತು ವರ್ಷದ ಮೇಲೆ, 1968ರಲ್ಲಿ, ಇದೇ ಕ್ಲಬ್ ಯುರೋಪಿನ ಕಪ್ ಗೆದ್ದಿತು. ಫೈನಲ್‌ನಲ್ಲಿ ಎರಡು ಗೋಲು ಹೊಡೆದವನು ಆ ಚಾರ್ಲ್‌ಟನ್.

ಸುರಂಗದಿಂದ ಹೊರಗೆ ಬಂದಾಗ ಗುಂಪು ಮುಂದೆ ಹೋಯಿತು. ನಾನು ಹಿಂದೆ ಉಳಿದೆ. ಗೈಡ್ ಬಂದು ಎಲ್ಲಿಂದ ಬಂದಿದ್ದೀರಿ ಎಂದು ಕೇಳಿದರು. ನನ್ನ ಮಗಳೂ ಗೋಲ್‌ಕೀಪರ್ ಅಂದೆ. ಯಾಕೆ ಹಾಗೆ ಹೇಳಿದೆನೋ. ಆಟ ಬಿಡಿಸಿದ್ದು ನಾನೇ ಅಲ್ವಾ. ಅವರ ಮುಖ ಅರಳಿತು. ತಾನು ಚಿಕ್ಕವಳಿದ್ದಾಗ ಅಣ್ಣಂದಿರ ಗೋಲಿನ ಹಿಂದೆ ನಿಂತು ಚೆಂಡು ಎತ್ತಿಕೊಡುತ್ತಿದ್ದೆ, ಆಡಲು ಮಾತ್ರ ಯಾರೂ ಕರೆಯಲಿಲ್ಲ ಅಂದರು. ಆಮೇಲೆ ಆ ಕತೆ ಹೇಳಿದರು.

ಮೊದಲನೇ ಮಹಾಯುದ್ಧದ ಹೊತ್ತಿಗೆ ಹತ್ತಿರದ ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯಲ್ಲಿ ಯುದ್ಧದ ಸಾಮಾನು ತಯಾರಿಸುವ ಹುಡುಗಿಯರು ಒಂದು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಮ್ಯಾಚ್ ನೋಡಲು 53 ಸಾವಿರ ಜನ ಬಂದರು. ಜಾಗ ಸಿಗದೆ ಹೊರಗೆ ಉಳಿದವರು ಇನ್ನೂ ಸಾವಿರಾರು. ಮರುವರ್ಷ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ಆದೇಶ ಹೊರಡಿಸಿತು. ಈ ಆಟ ಹೆಂಗಸರಿಗೆ ಒಗ್ಗುವುದಿಲ್ಲ, ಇದಕ್ಕೆ ಉತ್ತೇಜನ ಕೊಡಬಾರದು, ಯಾವ ಕ್ಲಬ್ಬೂ ಅವರಿಗೆ ಮೈದಾನ ಕೊಡಬಾರದು ಎಂದು. ಸುಮಾರು 50 ವರ್ಷ ಅದೇ ನಡೆಯಿತು. ನಾನು ನಿಂತಿದ್ದ ಈ ಮೈದಾನದ ಬಾಗಿಲೂ ಅಷ್ಟು ವರ್ಷ ಹುಡುಗಿಯರಿಗೆ ಮುಚ್ಚಿತ್ತು.

ಅವರು ಹೇಳುತ್ತಿದ್ದರು, ನನಗೆ ನನ್ನದೇ ದನಿ ಕೇಳಿಸುತ್ತಿತ್ತು. ಹೋದ ವರ್ಷ ಮೇ ತಿಂಗಳು, ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ನಿನಗೆ ಹೇಳಿದ ಮಾತು. ‘ಹತ್ತನೇ ಕ್ಲಾಸ್ ತನಕ ಆಡಿದ್ದು ಸಾಕು. ಬೆರಳು ಬೇರೆ ಮುರಿದುಕೊಂಡೆ. ಹುಡುಗಿಗೆ ಇದೆಲ್ಲ ಯಾಕೆ ಬೇಕು?’ ನೀನು ಜಗಳ ಆಡಲಿಲ್ಲ. ಗ್ಲೌಸ್ ಎರಡೂ ಒಂದರೊಳಗೊಂದು ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟ್ರಂಕಿನ ತಳಕ್ಕೆ ಇಟ್ಟೆ. ನಾನು ನೋಡುತ್ತಿದ್ದೆ. ನೀನು ಒಂದು ಮಾತು ಎದುರು ಆಡಿದ್ದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಗೈಡ್ ಅಲ್ಲಿಗೇ ನಿಲ್ಲಿಸಲಿಲ್ಲ. 2022ರ ಜುಲೈ 6ರಂದು ಮಹಿಳೆಯರ ಯುರೋ ಕಪ್ ಶುರುವಾದದ್ದು ಇದೇ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ. ಇಂಗ್ಲೆಂಡ್ ಮತ್ತು ಆಸ್ಟ್ರಿಯಾ. ಬಂದ ಜನ 68,871. ಅವರೂ ಅವತ್ತು ಮೇಲಿನ ಸ್ಟ್ಯಾಂಡಿನಲ್ಲಿ ಕೂತಿದ್ದರಂತೆ, ಮೊಮ್ಮಗಳ ಜೊತೆ. ಇಂಗ್ಲೆಂಡ್ 1-0 ಗೆದ್ದಿತು. ಒಂದೂ ಗೋಲು ಬಿಡದೆ ನಿಂತವಳು ಮೇರಿ ಅರ್ಪ್ಸ್. ಆಗ ಯುನೈಟೆಡ್ ಮಹಿಳಾ ತಂಡದ ಕೀಪರ್. ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಅವಳು ಪೆನಾಲ್ಟಿ ತಡೆದದ್ದು ನಿನಗೆ ನೆನಪಿರಬೇಕು. ಅಮ್ಮ ಹೇಳಿದಳು, ಅವತ್ತು ನೀನು ಸೋಫಾ ಮೇಲೆ ನಿಂತು ಕುಣಿದೆ ಎಂದು. ಇಂಗ್ಲೆಂಡ್ ಸೋತಿತು, ಆದರೆ ಆ ವಿಶ್ವಕಪ್ಪಿನ ಅತ್ಯುತ್ತಮ ಕೀಪರ್ ಪ್ರಶಸ್ತಿ ಅವಳಿಗೇ ಬಂತು. ಅವತ್ತು ನಾನು ಯಾಕೆ ನಿನ್ನ ಪಕ್ಕ ಕೂತು ನೋಡಲಿಲ್ಲವೋ. ಪಕ್ಕದ ಕೋಣೆಯಲ್ಲೇ ಇದ್ದೆ.

ವಾಪಸ್ ಬಂದ ಮರುದಿನ ಟ್ರಂಕು ತೆಗೆದೆ. ಗ್ಲೌಸ್ ಕಟ್ಟಿಗೆಯ ಹಾಗೆ ಸೆಟೆದುಕೊಂಡಿತ್ತು. ಬೆರಳ ಸಂದಿಯಲ್ಲಿ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಕೂತಿದೆ. ಎಡಗೈಯ ಕಿರುಬೆರಳ ಹೊಲಿಗೆ ಬಿಟ್ಟಿದೆ. ಅಂಗೈಯ ರಬ್ಬರ್ ಬಲಗೈಯಲ್ಲೇ ಜಾಸ್ತಿ ಸವೆದಿದೆ. ನೀನು ಬಲಕ್ಕೇ ಹೆಚ್ಚು ಹಾರುತ್ತೀಯಾ? ಇಷ್ಟು ವರ್ಷ ನಿನ್ನ ಮ್ಯಾಚಿಗೆ ಬಂದು ನಿಂತರೂ ನನಗೆ ಇದು ಗೊತ್ತೇ ಇರಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ. ಬಕೆಟ್ ನೀರು ಪೂರಾ ಕೆಂಪಾಯ್ತು. ನೆರಳಲ್ಲೇ ಒಣಗಿಸಿದೆ, ಬಿಸಿಲಿಗೆ ಇಟ್ಟರೆ ರಬ್ಬರ್ ಬಿರಿಯುತ್ತದೆ. ಮೊದಲನೇ ಗೇಟ್ ಹತ್ತಿರ ಕೂರುವ ಚಪ್ಪಲಿ ಹೊಲಿಯುವ ಅಜ್ಜ ಕಿರುಬೆರಳು ಹೊಲಿದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಹುಡುಗಿ ಈಗ ಕಾಣುವುದೇ ಇಲ್ಲವಲ್ಲ ಎಂದು ಕೇಳಿದರು.

ನಿಮ್ಮ ಕಾಲೇಜಿನ ಹಿಂದಿನ ಬಯಲಲ್ಲಿ ಸಂಜೆ ಹುಡುಗಿಯರು ಆಡುತ್ತಾರೆ, ಕೀಪರ್ ಇಲ್ಲದೆ ಒದ್ದಾಡುತ್ತಾರೆ ಎಂದು ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆ. ಆಗ ನಾನು ಪೇಪರ್ ಓದುತ್ತಾ ಕೂತಿದ್ದೆ, ಆದರೆ ಕೇಳಿಸಿಕೊಂಡಿದ್ದೆ. ಹೋಗಿ ಆಡು. ವಾರ್ಡನ್ ಹತ್ತಿರ ನಾನು ಮಾತಾಡುತ್ತೇನೆ. ಓದಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದನ್ನು ನೀನು ಬಿಟ್ಟವಳೇ ಅಲ್ಲ.

ಮುಂದಿನ ವಾರ ಅಲ್ಲ, ಅದರ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಗ್ಲೌಸ್ ತರುತ್ತೇನೆ. ನಿನ್ನ ಗೆಳತಿಯರಿಗೂ ಆಗುವಷ್ಟು ಕುಂದಾ ತರಲು ಅಮ್ಮ ಹೇಳಿದ್ದಾಳೆ. ಸಂಜೆವರೆಗೆ ಇರುತ್ತೇನೆ. ಗೋಲಿನ ಹಿಂದೆ ನಿಂತು ಚೆಂಡು ಎತ್ತಿಕೊಡುವ ಕೆಲಸ ನನ್ನದು.

ಹಳೆಯ ಶೂ ಈಗ ನಿನಗೆ ಆಗಲಿಕ್ಕಿಲ್ಲ. ಈ ಭಾನುವಾರ ಫೋನಿನಲ್ಲಿ ಮೊದಲು ನಂಬರ್ ಹೇಳಿಬಿಡು. ಊಟದ ವಿಷಯ ಆಮೇಲೆ.

ನಿನ್ನ
ಅಪ್ಪ