ಪಿಸುಗುಟ್ಟುವುದರಲ್ಲಿ ಗುಟ್ಟಿಲ್ಲ

ಗೆಳೆಯಾ,

‘ಪಿಸುಗುಟ್ಟು’ ಅಂದರೆ ಗುಟ್ಟನ್ನು ಪಿಸುದನಿಯಲ್ಲಿ ಹೇಳುವುದು ಅಂತ ನಿನ್ನ ಲೇಖನದಲ್ಲಿ ಬಿಡಿಸಿ ಬರೆದಿದ್ದೀಯ. ಕೇಳಲು ಸೊಗಸಾಗಿದೆ, ಆದರೆ ತಪ್ಪು. ಹಲ್ಲಿ ಲೊಚಗುಟ್ಟುತ್ತದೆ, ಸಂತೆ ಗಿಜಿಗುಟ್ಟುತ್ತದೆ, ಕೆಲಸ ಹೇಳಿದರೆ ಹುಡುಗರು ಗೊಣಗುಟ್ಟುತ್ತಾರೆ. ಸಂತೆಯಲ್ಲಿ ಏನು ರಹಸ್ಯ? ಇಲ್ಲಿನ ‘ಗುಟ್ಟು’ ಸದ್ದನ್ನು ಅನುಕರಿಸುವ ಪದಕ್ಕೆ ಅಂಟಿ ಅದನ್ನು ಕ್ರಿಯಾಪದವಾಗಿಸುವ ತುಂಡು, ಅಷ್ಟೆ. ಉಳಿಯುವುದು ‘ಪಿಸು’. ಅದು ಬರೀ ಸದ್ದು.

ಆ ಸದ್ದು ಎಷ್ಟು ಕರಾರುವಾಕ್ಕು ಅಂತ ನೋಡಬೇಕಾದರೆ ಗಂಟಲ ಮೇಲೆ ಎರಡು ಬೆರಳಿಟ್ಟುಕೋ. ‘ಜ಼್‌ಜ಼್’ ಅಂತ ಎಳೆದರೆ ಬೆರಳಿಗೆ ನಡುಕ ತಾಗುತ್ತದೆ, ‘ಸ್ಸ್’ ಅಂದರೆ ಇಲ್ಲ. ಪಿಸುಗುಟ್ಟುವಾಗ ಧ್ವನಿತಂತುಗಳು ಹತ್ತಿರ ಬಂದರೂ ಕಂಪಿಸುವುದಿಲ್ಲ; ನಡುವಿನ ಸಂದಿಯಲ್ಲಿ ಉಸಿರು ಸುಯ್ಯೆಂದು ನುಗ್ಗುತ್ತದೆ. ‘ಪಿಸು’ವಿನ ಎರಡೂ ವ್ಯಂಜನಗಳು ಹಾಗೆ ಕಂಪನವಿಲ್ಲದವೇ. ಕಂಪನ ಹೋದರೆ ‘ಕಾಳಿ’, ‘ಗಾಳಿ’ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಪಿಸುಮಾತು ತಪ್ಪಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ‘ಮೆಲುದನಿ’ಯನ್ನು ಇದರ ಬದಲಿಗೆ ಹಾಕಬೇಡ. ಮೆಲುದನಿಯಲ್ಲಿ ದನಿ ಇದೆ, ತಗ್ಗಿದೆ ಅಷ್ಟೆ. ಗಂಟಲು ಕಟ್ಟಿದವರಿಗೆ ಪಿಸುಗುಟ್ಟಬೇಡಿ, ಮೆಲ್ಲಗೆ ಮಾತಾಡಿ ಅನ್ನುವುದುಂಟು. ಪಿಸುಗುಟ್ಟಲು ಗಂಟಲು ಬಿಗಿಹಿಡಿದರೆ ಆಯಾಸವೇ ಹೆಚ್ಚು. ‘ಗುಸುಗುಸು’ ಇನ್ನೊಂದು ಬಗೆ. ಅದಕ್ಕೆ ಕನಿಷ್ಠ ಇಬ್ಬರು ಬೇಕು, ಹೊರಗೆ ನಿಂತವನಿಗೆ ಸದ್ದು ಕೇಳಬೇಕು, ಮಾತು ತಿಳಿಯಬಾರದು. ಒಬ್ಬನೇ ಗುಸುಗುಸು ಅಂದ ಅಂತ ಬರೆದರೆ ಕಿವಿಗೆ ಒಪ್ಪದು.

ನೆರೆಯವರ ಪದಗಳಲ್ಲೂ ಈ ಉಸಿರಿನ ಸದ್ದು, ಅಂದರೆ ‘ಸ’, ಹೆಚ್ಚಾಗಿ ಉಂಟು: ತೆಲುಗಿನ ಗುಸಗುಸ, ತಮಿಳಿನ ಕಿಸುಕಿಸು, ಹಿಂದಿಯ ಫುಸ್‌ಫುಸಾನಾ. ಮರಾಠಿಯ ಕುಜಬುಜ ಮಾತ್ರ ಬೇರೆ ದಾರಿ ಹಿಡಿದಿದೆ. ಆದರೆ ಇವೆಲ್ಲ ಒಂದೇ ಬೇರಿನವು ಅಂತ ಬರೆಯಬೇಡ. ಸದ್ದಿನ ಪದಗಳು ಯಾರನ್ನೂ ಕೇಳದೆ ಹುಟ್ಟುತ್ತವೆ.

ಹಳಗನ್ನಡದ ಪಾಲ್ ಹಾಲಾಯಿತು, ಪೆಸರ್ ಹೆಸರಾಯಿತು. ಪಿಸು ಹಿಸು ಆಗಲಿಲ್ಲ; ಪಟಪಟವೂ ಹಾಗೇ ನಿಂತಿದೆ. ಸದ್ದನ್ನೇ ನಂಬಿದ ಪದ ಅದನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ ಅಂತ ನನ್ನ ಎಣಿಕೆ.

ಚಾಡಿಕೋರನಿಗೆ ಹೇಳುವ ‘ಪಿಸುಣ’ವನ್ನೂ ಇದೇ ಮನೆಗೆ ಸೇರಿಸಿದ್ದೀಯ, ತೆಗೆದುಹಾಕು. ಅದು ಸಂಸ್ಕೃತದ ‘ಪಿಶುನ’ದ ತದ್ಭವ. ಆ ಜಾಗಕ್ಕೆ ‘ಉಸುರು’ ಹಾಕು: ಉಸಿರಿಗೂ ಹೇಳುವುದಕ್ಕೂ ಒಂದೇ ಪದ. ‘ಕಿವಿಯಲ್ಲಿ ಉಸುರಿದಳು’ ಅಂದರೆ ಸಾಕು, ‘ಮೆಲ್ಲಗೆ’ ಬೇಕಾಗಿಲ್ಲ. ನಿನ್ನ ಮೂರನೆಯ ಪುಟದಲ್ಲಿ ಎರಡೂ ಇವೆ, ಒಂದನ್ನು ಹೊಡೆದುಹಾಕು.

ನಿನ್ನವ