ಹ್ಯಾಂಡ್‌ಬ್ರೇಕಿಗೆ ಹದಿನಾರು ಸಾವಿರ ಕೊಡಬೇಕಾ?

ಶಾರ್ಜಾ

ಪ್ರೀತಿಯ ಅಕ್ಕನಿಗೆ ನಮಸ್ಕಾರ,

ಇಲ್ಲಿ ನಾನು ಆರಾಮ. ಅಲ್ಲಿ ಅವ್ವ, ಮಾಮ, ಹುಡುಗರು ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ನಿನ್ನ ಕಾರಿನ ಹ್ಯಾಂಡ್‌ಬ್ರೇಕ್ ರಿಪೇರಿಗೆ ಶೋರೂಮಿನವರು ಕೊಟ್ಟ ಎಸ್ಟಿಮೇಟಿನ ಫೋಟೋ ಕಳಿಸಿದ್ದೆಯಲ್ಲ, ಅದನ್ನು ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ನಿನಗೆ ಕೇಳಿಸುವುದಿಲ್ಲ, ಇನ್ನರ್ಧ ಮಾಮ ನಡುವೆ ಬಾಯಿ ಹಾಕಿ ಕೆಡಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶೋರೂಮಿಗೆ ಹೋಗುವಾಗ ಇದು ಕೈಯಲ್ಲಿರಲಿ.

ನೀನು ಕೇಳಿದ್ದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ 16,343 ರೂಪಾಯಿ ಅನ್ನುವುದು ಜಾಸ್ತಿಯೇ. ಹಾಗಂತ ಮಾಮ ಬೈಯುವಷ್ಟು ಲೂಟಿಯೂ ಅಲ್ಲ. ಸುಮಾರು ಅರ್ಧ ನಿಜವಾಗಿ ಆಗಬೇಕಾದ ಕೆಲಸ. ಉಳಿದದ್ದು "ಗಿರಾಕಿ ಕೇಳದಿದ್ದರೆ ಇರಲಿ" ಅಂತ ಸೇರಿಕೊಂಡದ್ದು. ಇಲ್ಲಿ ನಾನೂ ದಿನಾ ಅದೇ ಕುರ್ಚಿಯಲ್ಲಿ ಕೂತು ಎಸ್ಟಿಮೇಟ್ ಬರೆಯುವವನೇ ಅಲ್ವಾ, ಆ ಕಾಗದ ಹೇಗೆ ಉದ್ದ ಆಗುತ್ತೆ ಅಂತ ಚೆನ್ನಾಗಿ ಗೊತ್ತು.

ಕಾರು ಒಳಗೆ ಹೋಗಿ ಒಂದು ಚಹಾ ಕುಡಿಯುವಷ್ಟರಲ್ಲಿ ಎಸ್ಟಿಮೇಟ್ ಕೈಗೆ ಬಂತು ಅಂತ ಬರೆದಿದ್ದೀಯ. ಅಷ್ಟರಲ್ಲಿ ಎರಡು ಹಿಂದಿನ ಚಕ್ರ ಬಿಚ್ಚಿ, ಡ್ರಮ್ ತೆಗೆದು, ಒಳಗೆ ನೋಡಿ, ಅಳತೆ ಮಾಡಿ, ಮತ್ತೆ ಜೋಡಿಸಲು ಯಾರಿಂದಲೂ ಆಗುವುದಿಲ್ಲ. ಅಂದರೆ ಅವರು ಡ್ರಮ್ ಬಿಚ್ಚಿಯೇ ಇಲ್ಲ. ಲಿವರ್ ಎಳೆದು ನೋಡಿ, ಏನೇನು ಕೆಟ್ಟಿರಬಹುದೋ ಅದೆಲ್ಲಾ ಟೈಪ್ ಮಾಡಿದ್ದಾರೆ. ಇದನ್ನು ಅಂದಾಜು ಅಂತ ಇಟ್ಟುಕೋ, ಬಿಲ್ ಅಂತ ಹೆದರಬೇಡ.

ಈಗ ನಿನ್ನ ಕಾರಿಗೆ ಏನಾಗಿದೆ ಅನ್ನುವುದು. ನೀನು ಹೇಳಿದ ಲಕ್ಷಣ ಎರಡು. ಲಿವರ್ ಪೂರ್ತಿ ಮೇಲೆ ಬಂದರೂ ಶಾಲೆಯ ಇಳಿಜಾರಿನಲ್ಲಿ ಕಾರು ಜಾರುತ್ತದೆ. ಜೊತೆಗೆ ಸಂಡೂರಿನಿಂದ ಬಳ್ಳಾರಿಗೆ ಬರುವಷ್ಟರಲ್ಲಿ ಎಡಗಡೆ ಹಿಂದಿನ ಚಕ್ರ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಒಂದು ಕಡೆ ಬ್ರೇಕ್ ಹಿಡಿಯುವುದಿಲ್ಲ, ಇನ್ನೊಂದು ಕಡೆ ಹಿಡಿದದ್ದು ಬಿಡುವುದಿಲ್ಲ. ನನ್ನ ಪ್ರಕಾರ ಎರಡಕ್ಕೂ ಮೂಲ ಕೇಬಲ್ಲೇ.

ನಮ್ಮ ಕಾರಿನ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ಮಿನ ಒಳಗೆ ಬಾಗಿದ ಎರಡು ಶೂ ಇರುತ್ತವೆ. ಕಾಲಲ್ಲಿ ಒತ್ತಿದಾಗ ಬ್ರೇಕ್ ಆಯಿಲ್ ಅವನ್ನು ಅಗಲಿಸುತ್ತದೆ, ಕೈಯಲ್ಲಿ ಎಳೆದಾಗ ಕೇಬಲ್ ಅಗಲಿಸುತ್ತದೆ. ಶೂ ಮಾತ್ರ ಅವೇ. ಹ್ಯಾಂಡ್‌ಬ್ರೇಕ್ ರಿಪೇರಿ ಅಂತ ಹೋದವರ ಕೈಗೆ ಹಿಂದಿನ ಬ್ರೇಕಿನ ಇಡೀ ಪಟ್ಟಿ ಬರುವುದು ಅದಕ್ಕೇ. ಅದರಲ್ಲಿ ಮೋಸ ಇಲ್ಲ. ಕೇಬಲ್ ಅಂದರೆ ಒಂದು ಕವಚದೊಳಗೆ ಓಡಾಡುವ ಉಕ್ಕಿನ ತಂತಿ. ಕವಚ ಎಲ್ಲಾದರೂ ಬಿರುಕು ಬಿಟ್ಟರೆ ಸಂಡೂರು ರಸ್ತೆಯ ಕೆಂಪು ಧೂಳು, ಮಳೆ ನೀರು ಎರಡೂ ಒಳಗೆ ಸೇರುತ್ತವೆ. ತಂತಿ ತುಕ್ಕು ಹಿಡಿಯುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸ್ ಹೋಗುವುದಿಲ್ಲ. ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಸವೆದ ಮೇಲೆ ಲಿವರ್ ಇನ್ನೂ ಮೇಲೆ ಬರುತ್ತದೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕಡೆ ಗಣಿ ನಿಲ್ಲಿಸಿದಾಗ ಅದಿರು ಲಾರಿಗಳು ಸಾಲಾಗಿ ನಿಂತಿದ್ದವಲ್ಲ, ನೆನಪಿದೆಯಾ? ತಿಂಗಳುಗಟ್ಟಲೆ ನಿಂತ ಗಾಡಿಯ ಚಕ್ರ ತಿರುಗದೆ, ಡ್ರಮ್ಮಿಗೆ ಸುತ್ತಿಗೆಯಲ್ಲಿ ಬಡಿದು ಬಿಡಿಸುತ್ತಿದ್ದರು. ನೀನೂ ಮಳೆಗಾಲದಲ್ಲಿ ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದೇ ಕಾರು ನಿಲ್ಲಿಸುತ್ತೀಯ ಅಂತ ಅವ್ವ ಹೇಳಿದಳು. ಸಮತಟ್ಟು ಜಾಗದಲ್ಲಿ ಹಾಗೆ ಮಾಡಬೇಡ. ಗೇರಿನಲ್ಲಿ ಬಿಡು, ಸಾಕು.

ಇನ್ನು ಕಾಗದಕ್ಕೆ ಬರೋಣ. ಎರಡು ಕೇಬಲ್, 2,100 ರೂಪಾಯಿ. ಕೊಡು. ತುಕ್ಕು ಹಿಡಿದ ಕೇಬಲ್ಲಿಗೆ ಗ್ರೀಸ್ ಬಿಟ್ಟು "ಸರಿ ಹೋಯಿತು" ಅನ್ನುವವರ ಮಾತು ಒಂದು ಮಳೆಗಾಲ ನಿಲ್ಲುವುದಿಲ್ಲ. ಕೆಟ್ಟಿರುವುದು ಎಡಗಡೆಯದು ಮಾತ್ರ, ಬಲಗಡೆಯದು ಯಾಕೆ ಅಂತ ಮಾಮ ಜಗಳ ತೆಗೆಯುತ್ತಾರೆ. ಎರಡಕ್ಕೂ ಒಂದೇ ವಯಸ್ಸು, ಒಂದೇ ಧೂಳು. ಲಿವರ್ ಸುತ್ತಲಿನ ಕನ್ಸೋಲ್ ಹೇಗೂ ಬಿಚ್ಚುತ್ತಾರೆ, ಒಟ್ಟಿಗೇ ಹಾಕಿಸಿಬಿಡು. ಬ್ರೇಕ್ ಶೂ ಸೆಟ್ 1,450. ಅದೂ ಸರಿ. ಶೂ ಯಾವತ್ತೂ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಎರಡೂ ಕಡೆ ಸಮನಾಗಿ ಹಿಡಿಯುವುದಿಲ್ಲ.

ವೀಲ್ ಸಿಲಿಂಡರ್ ಎರಡು, 1,300. ಬ್ರೇಕ್ ಆಯಿಲ್ ಶೂ ಅಗಲಿಸುವುದು ಇದರ ಮೂಲಕವೇ. ಇದರಲ್ಲಿ ನಾನು ಅರ್ಧ ಡೀಲರ್ ಪರ. ಸಿಲಿಂಡರಿನ ಎರಡೂ ತುದಿಗೆ ರಬ್ಬರ್ ಟೋಪಿ ಇರುತ್ತದೆ. ಅದನ್ನು ಸ್ವಲ್ಪ ಎತ್ತಿ ತೋರಿಸಲು ಹೇಳು. ಒಳಗೆ ಒದ್ದೆ ಇದ್ದರೆ ಲೀಕ್ ಇದೆ ಅಂತ, ಹಾಕಿಸಲೇಬೇಕು. ಇಲ್ಲದಿದ್ದರೆ ಆಯಿಲ್ ಹೊಸ ಶೂ ಮೇಲೆ ಹರಿದು ಹಾಕಿದ ದುಡ್ಡೆಲ್ಲಾ ನೀರಿಗೆ. ಒಣಗಿದ್ದರೆ, ಬಾನೆಟ್ ಒಳಗಿನ ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗದೇ ಇದ್ದರೆ, ಬೇಡ ಅನ್ನಬಹುದು. ಆದರೂ ಗಾಡಿಗೆ ವಯಸ್ಸಾಗಿದೆ, ಹಾಕಿಸಿದರೂ ನಷ್ಟ ಇಲ್ಲ.

ನನಗೆ ಒಪ್ಪಿಗೆಯಾಗದ್ದು ಡ್ರಮ್. ಎರಡು ಡ್ರಮ್, 4,200 ರೂಪಾಯಿ. ಬಿಚ್ಚದೇ ಡ್ರಮ್ ಹೋಗಿದೆ ಅಂತ ಯಾರು ಹೇಳಿದರು? ಡ್ರಮ್ಮಿನ ಮೇಲೆ ಎಷ್ಟರವರೆಗೆ ಸವೆಯಬಹುದು ಅಂತ ಮಿಲಿಮೀಟರಿನಲ್ಲಿ ಅಚ್ಚು ಹಾಕಿರುತ್ತಾರೆ, 'ಮ್ಯಾಕ್ಸ್' ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಅಳತೆಯ ಉಪಕರಣ ವರ್ನಿಯರ್ ಹಿಡಿದು ಒಳಗಿನ ಅಳತೆ ತೆಗೆದರೆ ಅಲ್ಲಿಗೆ ಮಾತು ಮುಗಿಯಿತು. ಆ ಅಂಕಿ ದಾಟಿದ್ದರೆ, ಬಿರುಕು ಬಿಟ್ಟಿದ್ದರೆ, ಅಥವಾ ಬಿಸಿಗೆ ಸೊಟ್ಟಾಗಿದ್ದರೆ ಹೊಸದು ಹಾಕಿಸು, ನಾನೇ ಹಾಕಿಸು ಅನ್ನುತ್ತೇನೆ. ಎಡಗಡೆಯದು ಅಷ್ಟು ಬಿಸಿಯಾಗಿದೆ, ಹಾಗಾಗಿರಲೂಬಹುದು. ಬರೀ ಗೆರೆ ಬಿದ್ದಿದ್ದರೆ, ಅಂಚಿನಲ್ಲಿ ಸಣ್ಣ ಏಣು ಎದ್ದಿದ್ದರೆ ಲೇಥಿನಲ್ಲಿ ಒಂದು ಸಲ ಉಜ್ಜಿಸಿದರೆ ಆಯಿತು. ಲಾರಿ ಊರು ನಮ್ಮದು, ಬಳ್ಳಾರಿಯಲ್ಲಿ ಲೇಥ್ ಅಂಗಡಿಗೆ ಬರವಾ? ಶೋರೂಮಿನವರಿಗೆ ಆ ತಲೆನೋವು ಬೇಡ, ಹೊಸದು ಹಾಕುವುದೇ ಸಲೀಸು.

ಲೇಬರ್ ನೋಡು. ಶೂ ಬದಲಿಸಲು 900, ಸಿಲಿಂಡರಿಗೆ 800, ಕೇಬಲ್ಲಿಗೆ 1,400, ಬ್ರೇಕ್ ಕ್ಲೀನಿಂಗ್ ಮತ್ತು ಅಡ್ಜಸ್ಟ್‌ಮೆಂಟ್‌ಗೆ 700. ಒಟ್ಟು 3,800. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಜಾಸ್ತಿ ಅನಿಸುವುದಿಲ್ಲ. ಆದರೆ ಶೂ ತೆಗೆಯಲು ಡ್ರಮ್ ತೆಗೆದಿರುತ್ತಾರೆ. ಶೂ ಕೈಗೆ ಬಂದ ಮೇಲೆ ಸಿಲಿಂಡರ್ ಕಣ್ಣೆದುರೇ ಇರುತ್ತದೆ. ಕೇಬಲ್ಲಿನ ತುದಿಯೂ ಅದೇ ಶೂ ಲಿವರಿಗೆ ಸಿಕ್ಕಿಸಿರುತ್ತದೆ. ಹೊಸ ಶೂ ಹಾಕಿದವನು ಕ್ಲೀನ್ ಮಾಡದೆ, ಅಡ್ಜಸ್ಟ್ ಮಾಡದೆ ಡ್ರಮ್ ಮುಚ್ಚುತ್ತಾನಾ? ನೀನು ಜೀನ್ಸ್ ಹೊಲಿಯುವ ಊರಿನವಳು. ಒಂದೇ ಪ್ಯಾಂಟಿನ ಹೊಲಿಗೆ ಬಿಚ್ಚಿದ್ದಕ್ಕೆ ಜಿಪ್ಪಿಗೊಂದು ಕೂಲಿ, ಜೇಬಿಗೊಂದು ಕೂಲಿ ಅಂದರೆ ಸುಮ್ನಿರುತ್ತೀಯಾ? ನಮ್ಮ ಕಂಪ್ಯೂಟರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಕೋಡ್, ಕೋಡಿಗೆ ಇಷ್ಟು ಹೊತ್ತು ಅಂತ ಇರುತ್ತದೆ. ನಾಲ್ಕು ಕೋಡ್ ಒತ್ತಿದರೆ ನಾಲ್ಕರದ್ದೂ ಪೂರ್ತಿ ಬೀಳುತ್ತದೆ. ಕಳೆಯುವ ಕೆಲಸ ಎಸ್ಟಿಮೇಟ್ ಬರೆಯುವ ಅಡ್ವೈಸರದು. ಕೇಳಿದವರಿಗೆ ಕಳೆಯುತ್ತಾರೆ, ಕೇಳದವರಿಗೆ ಹಾಗೇ ಬಿಡುತ್ತಾರೆ. 2,400ಕ್ಕೆ ಇಳಿದರೆ ಒಪ್ಪಿಕೋ.

ಹೊಸ ಬ್ರೇಕ್ ಆಯಿಲಿಗೆ ಮತ್ತು ಅದರ ಪೈಪಿನೊಳಗಿನ ಗಾಳಿ ತೆಗೆಯುವುದಕ್ಕೆ 650, ಅದು ಸಿಲಿಂಡರ್ ಬಿಚ್ಚಿದರೆ ಮಾತ್ರ. ಕನ್ಸ್ಯೂಮಬಲ್ಸ್ 350 ಅಂದರೆ ಏನು ಅಂತ ಕೇಳು. ಒಂದು ಸ್ಪ್ರೇ ಡಬ್ಬಿ ತೋರಿಸುತ್ತಾರೆ.

ಟ್ಯಾಕ್ಸಿನ ಸಾಲು ಮಾತ್ರ ಸರಿಯಾಗಿ ನೋಡು. ಎಲ್ಲಾ ಕೂಡಿಸಿದ 13,850ರ ಮೇಲೆ 18% ಜಿಎಸ್‌ಟಿ ಹಾಕಿದ್ದಾರೆ. ದರ ಸರಿ. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳಿಗೆ 18%, ಮುಂಚೆ ಬ್ರೇಕ್ ಸಾಮಾನಿಗೆ 28% ಇತ್ತು. ನನ್ನ ಅನುಮಾನ ಬೇರೆ. ಸಾಮಾನಿನ ಬೆಲೆ ಅಂತ ಬರೆದಿರುವುದು ಡಬ್ಬಿ ಮೇಲಿನ ಎಂಆರ್‌ಪಿ ಆಗಿದ್ದರೆ ಟ್ಯಾಕ್ಸ್ ಅದರೊಳಗೇ ಬಂದುಬಿಟ್ಟಿದೆ. ಮತ್ತೆ ಹಾಕುವ ಹಾಗಿಲ್ಲ. ಸಾಮಾನು 9,050 ರೂಪಾಯಿದು, ಅದರ 18% ಅಂದರೆ 1,629 ಸುಮ್ನೆ ಹೋಗುತ್ತದೆ. ಡಬ್ಬಿ ತರಿಸಿ ನೋಡು. ಹಳೆ ಸ್ಟಾಕಿನ ಡಬ್ಬಿಯಾದರೆ ಹೊಸ ರೇಟ್ ಎಷ್ಟು ಅಂತಲೂ ಕೇಳು.

"ಒರಿಜಿನಲ್ ಸಾಮಾನು ಹೊರಗೆ ಸಿಗುವುದಿಲ್ಲ ಮೇಡಂ" ಅಂದನಂತಲ್ಲ ಆ ಹುಡುಗ. ಇದೇ ವಿಷಯಕ್ಕೆ, ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ, 2014ರಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಕಾಂಪಿಟೀಷನ್ ಕಮಿಷನ್ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ಕಂಪನಿಗಳು ಕೋರ್ಟಿಗೆ ಹೋದದ್ದು ಬೇರೆ ಮಾತು. ಶೂ, ಕೇಬಲ್ ಎಲ್ಲಾ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಸಾಮಾನೇ. ಕೌಲ್ ಬಜಾರ್ ಕಡೆ ಒಮ್ಮೆ ವಿಚಾರಿಸಿ ರೇಟ್ ಚೀಟಿ ಇಟ್ಟುಕೊಂಡೇ ಶೋರೂಮಿಗೆ ಹೋಗು.

ಅಲ್ಲಿ ಜಗಳ ಬೇಡ. "ಡ್ರಮ್ ಬಿಚ್ಚಿ, ನನ್ನೆದುರು ಅಳೆಯಿರಿ, ಆಮೇಲೆ ಎಸ್ಟಿಮೇಟ್ ಕೊಡಿ, ಹಳೆ ಸಾಮಾನು ನನಗೆ ವಾಪಸ್ ಕೊಡಿ." ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ, ಅಂದರೆ ಶೋರೂಮಿನವರು ಮಾಡುವ ಕೆಲಸದ ಚೀಟಿಯಲ್ಲಿ, ಬರೆಸು. ಬಿಚ್ಚಿ ನೋಡುವುದಕ್ಕೆ ಸ್ವಲ್ಪ ದುಡ್ಡು ಕೇಳಿದರೆ ಕೊಡು, ಅದು ನ್ಯಾಯ. ಬಿಚ್ಚಿದಾಗ ನನಗೆ ವಿಡಿಯೋ ಕಾಲ್ ಮಾಡು. ಡ್ರಮ್ ಉಳಿದರೆ ಒಂಬತ್ತು ಸಾವಿರದೊಳಗೆ ಎಲ್ಲಾ ಮುಗಿಯಬೇಕು. ಡ್ರಮ್ ನಿಜವಾಗಿ ಹೋಗಿದ್ದರೆ ಹದಿಮೂರು ಸಾವಿರದವರೆಗೂ ಮಾತಾಡದೆ ಕೊಡು. ಎರಡಕ್ಕೂ ಒಪ್ಪದಿದ್ದರೆ ಮಾಮನ ಪರಿಚಯದ ಗ್ಯಾರೇಜ್ ಮೇಸ್ತ್ರಿ ಇದ್ದಾನಲ್ಲ. ಒಂದೇ ಎಚ್ಚರಿಕೆ: ಅವನು ಮೊದಲು ಶೂ ಅಡ್ಜಸ್ಟ್ ಮಾಡಬೇಕು, ಕೇಬಲ್ ಬಿಗಿ ಮಾಡುವುದು ಕೊನೆಗೆ. ಬರೀ ಕೇಬಲ್ ಬಿಗಿದು ಕಳಿಸಿದರೆ ತಿಂಗಳಲ್ಲಿ ಮತ್ತೆ ಅದೇ ಕತೆ.

ಮಾಮ ಹೊಸ ಕಾರು ತೊಗೊಳ್ಳೋಣ, ಬಟನ್ ಒತ್ತಿದರೆ ಹ್ಯಾಂಡ್‌ಬ್ರೇಕ್ ಬೀಳುತ್ತೆ ಅನ್ನುತ್ತಿದ್ದಾರಂತೆ. ಅಂಥವು ಇಲ್ಲಿ ದಿನಾ ಬರುತ್ತವೆ. ಬಹಳಷ್ಟರಲ್ಲಿ ಡಿಸ್ಕ್ ಬ್ರೇಕಿನ ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರಿಗೇ ಒಂದು ಮೋಟರ್ ಕೂರಿಸಿರುತ್ತಾರೆ. ಪ್ಯಾಡ್ ಬದಲಿಸಬೇಕಾದರೂ ಸ್ಕ್ಯಾನರ್ ಅನ್ನುವ ಕಂಪ್ಯೂಟರ್ ಉಪಕರಣ ಹಾಕಿ ಆ ಮೋಟರನ್ನು ಹಿಂದಕ್ಕೆ ಸರಿಸಬೇಕು. ಮೋಟರ್ ಒಂದೇ ಕೆಟ್ಟರೂ ಪೂರ್ತಿ ಕ್ಯಾಲಿಪರಿಗೆ ಎಸ್ಟಿಮೇಟ್ ಹಾಕುವುದು ಮಾಮೂಲು. ಅದರ ರೇಟ್ ಕೇಳಿದರೆ ಮಾಮ ಈ ಲಿವರಿಗೇ ಕೈಮುಗಿಯುತ್ತಾರೆ.

ರಿಪೇರಿ ಆಗುವವರೆಗೆ ಘಾಟಿ ಕಡೆ ಕಾರು ಒಯ್ಯಬೇಡ. ಶಾಲೆಗೆ ಬಸ್ಸಿನಲ್ಲಿ ಹೋಗು. ಒಯ್ಯಲೇಬೇಕಾದರೆ ಏರಿಗೆ ಮುಖ ಮಾಡಿ ನಿಲ್ಲಿಸಿದಾಗ ಫಸ್ಟ್ ಗೇರ್, ಇಳಿಜಾರಿಗೆ ಮುಖ ಮಾಡಿದಾಗ ರಿವರ್ಸ್ ಗೇರ್ ಹಾಕು, ಚಕ್ರಕ್ಕೆ ಕಲ್ಲು ಕೊಡು. ಚಕ್ರ ಬಿಸಿಯಾಗಿದ್ದಾಗ ಕೈ ಇಟ್ಟು ನೋಡಬೇಡ, ನೀರೂ ಸುರಿಯಬೇಡ.

ದುಡ್ಡು ನಾನು ಕಳಿಸುತ್ತೇನೆ, ಎಷ್ಟಾಯಿತು ಅಂತ ಮಾತ್ರ ಹೇಳು. ಬಿಲ್ಲಿನ ಫೋಟೋ ಕಳಿಸು. ಅವ್ವನ ಮೊಣಕಾಲು ನೋವಿನ ಎಣ್ಣೆ ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಕೊಟ್ಟಿದ್ದೇನೆ, ಮುಂದಿನ ವಾರ ತಲುಪಬಹುದು.

ಇಂತಿ ನಿನ್ನ ತಮ್ಮ